ಬೋರ್ಡೊ ದ್ರಾವಣದ ತವರಿನಲ್ಲಿ ಬಳ್ಳಿ ಕೀಳುವ ಕಾಲ

ಮುಂಗಾರು ಹಿಡಿಯುವ ಮುನ್ನ ಮಲೆನಾಡಿನ ಅಡಿಕೆ ತೋಟಗಳಲ್ಲಿ ಮೈಲುತುತ್ತ, ಸುಣ್ಣ ಕಲಸುವ ಕೆಲಸ ಆರಂಭವಾಗುತ್ತದೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ತೋಟದ ಮನೆಯ ಮಕ್ಕಳಿಗೂ ಬಾಯಿಪಾಠ. ಕಾಫಿ ಸೀಮೆಯಲ್ಲೂ, ದ್ರಾಕ್ಷಿ ಚಪ್ಪರಗಳಲ್ಲೂ ಇದೇ ಔಷಧಿ. ಇದಕ್ಕೆ ಬೋರ್ಡೊ ದ್ರಾವಣವೆಂದು ಹೆಸರು ಬಂದದ್ದು ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿರುವ ಬೋರ್ಡೊ ನಗರದಿಂದ. ಶತಮಾನಗಳಿಂದ ದ್ರಾಕ್ಷಿಗೂ ವೈನಿಗೂ ಹೆಸರಾದ ಆ ನಗರದ ಸುತ್ತಣ ಹಳ್ಳಿಗಳಲ್ಲಿ ಈಗ ಯಂತ್ರ ತಂದು ಬಳ್ಳಿಗಳನ್ನು ಬುಡಸಮೇತ ಕೀಳಿಸಲಾಗುತ್ತಿದೆ. ಕೀಳುವುದಕ್ಕೆ ಸರಕಾರವೇ ಹಣ ಕೊಡುತ್ತಿದೆ. ಕೊಡಿ ಎಂದು 2022ರ ಡಿಸೆಂಬರಿನಲ್ಲಿ ಬೀದಿಗಿಳಿದು ಕೇಳಿದವರು ಬೆಳೆಗಾರರೇ.

ರೋಗ ಬಂದು, ನೀರು ಬತ್ತಿ ತೋಟ ತೆಗೆಯುವುದು ನಮಗೆ ಹೊಸದಲ್ಲ. ಅಲ್ಲಿ ನಡೆದಿರುವುದು ಬೇರೆ. ನೆಲ ಕೆಟ್ಟಿಲ್ಲ, ಕಸುಬು ಮರೆತಿಲ್ಲ, ಊರಿನ ಹೆಸರು ಲೋಕಕ್ಕೆಲ್ಲ ಗೊತ್ತು. ತಲೆಮಾರುಗಳ ಅನುಭವ, ಮಣ್ಣಿನ ಆರೈಕೆ, ಕಾಯಿದೆಯ ರಕ್ಷಣೆ ಎಲ್ಲ ಇದ್ದ ರೈತ ಕುಟುಂಬಗಳು ಈ ಸ್ಥಿತಿಗೆ ಏಕೆ ಬಂದವು ಎಂಬುದನ್ನು ದ್ರಾಕ್ಷಿ ಬೆಳೆಗಾರರಷ್ಟೇ ಅಲ್ಲ, ಅಡಿಕೆ, ಕಾಫಿ, ದಾಳಿಂಬೆ ಬೆಳೆಯುವವರೂ ವಿಚಾರ ಮಾಡಬೇಕಾಗಿದೆ. (ಇದು ವೈನ್ ಕುಡಿಯಿರಿ ಎನ್ನುವ ಉಪದೇಶವಲ್ಲ. ಕುಡಿತದಿಂದ ಹಾಳಾದ ಮನೆ ಯಾವ ಊರಿನಲ್ಲಿಲ್ಲ? ನಮ್ಮ ಮಾತೇನಿದ್ದರೂ ಬೆಳೆದವನ ಬದುಕಿನ ಬಗ್ಗೆ.)

ಮನೆ, ತೋಟ, ಪೀಪಾಯಿ

ಬೋರ್ಡೊ ಸೀಮೆಯಲ್ಲಿ ವೈನ್ ತಯಾರಿಸುವ ತೋಟದ ಮನೆಯನ್ನು 'ಶಾತೊ' ಎನ್ನುತ್ತಾರೆ. ಪದದ ಅರ್ಥ ಕೋಟೆ, ಅರಮನೆ. ಕೆಲವು ನಿಜಕ್ಕೂ ಅರಮನೆಗಳೇ. 1855ರಲ್ಲಿ ದರ್ಜೆ ಗೊತ್ತುಮಾಡಿ ಪ್ರಕಟಿಸಿದ ಪಟ್ಟಿಯಲ್ಲಿ ಅರವತ್ತು ಚಿಲ್ಲರೆ ಕೆಂಪು ವೈನಿನ ತೋಟಗಳ ಹೆಸರಿದೆ; ಅವುಗಳಲ್ಲಿ ಮೇಲಿನ ಸಾಲಿನವರ ಒಂದು ಬಾಟಲಿಯ ಹಣದಲ್ಲಿ ನಮ್ಮ ಸಂತೆಯಲ್ಲಿ ಒಂದು ಹಸು ಹಿಡಿಯಬಹುದು. ದೂರದಿಂದ ನೋಡುವವರಿಗೆ ಬೋರ್ಡೊ ಎಂದರೆ ಇಷ್ಟೇ ಕಾಣುತ್ತದೆ. ಆದರೆ ಅಲ್ಲಿನ ಸುಮಾರು 5 ಸಾವಿರ ಬೆಳೆಗಾರರಲ್ಲಿ ಬಹುಪಾಲು ಮಂದಿಯ 'ಅರಮನೆ' ಎಂದರೆ ಒಂದು ಹೆಂಚಿನ ಮನೆ, ಟ್ರ್ಯಾಕ್ಟರ್ ನಿಲ್ಲಿಸುವ ಕೊಟ್ಟಿಗೆ, ರಸ ಹುದುಗುವ ತೊಟ್ಟಿಗಳು, ಪೀಪಾಯಿ ಇಡಲು ಒಂದು ತಂಪು ಕೋಣೆ. ಹಿಡುವಳಿ ಸರಾಸರಿ 20 ಹೆಕ್ಟೇರಿನ ಆಸುಪಾಸು. ನಮ್ಮ ಕಣ್ಣಿಗೆ 50 ಎಕರೆ ಜಮೀನ್ದಾರಿಕೆಯೇ ಸರಿ. ಅಲ್ಲಿನ ಕೂಲಿ, ಯಂತ್ರ, ಬ್ಯಾಂಕಿನ ಕಂತುಗಳ ಮುಂದೆ ಅದು ಒಂದು ಸಂಸಾರದ ಸಾಗುವಳಿ. ಚಳಿಗಾಲವೆಲ್ಲ ಬಳ್ಳಿ ಸವರುವುದು, ಬೇಸಿಗೆಯಲ್ಲಿ ಎಲೆ ತೆಳುಮಾಡುವುದು, ಸೆಪ್ಟೆಂಬರಿನಲ್ಲಿ ಕೊಯ್ಲು, ಆಮೇಲೆ ತೊಟ್ಟಿಯ ಕಾವಲು: ಎಲ್ಲವೂ ಮನೆಮಂದಿಯ ಮೇಲೆಯೇ.

ನಮ್ಮಲ್ಲಿ ಕಬ್ಬು ಬೆಳೆದವನೇ ಆಲೆಮನೆ ಹಾಕಿ ಬೆಲ್ಲ ತೆಗೆಯುವಂತೆ ಇವರು ದ್ರಾಕ್ಷಿ ಬೆಳೆದು ತಾವೇ ವೈನ್ ಮಾಡುತ್ತಾರೆ. ಈ ಹೋಲಿಕೆ ಓದುಗರ ಮನಸ್ಸಿನಲ್ಲಿರಲಿ. ಬೆಲ್ಲ ತೆಗೆದ ಮೇಲೆ ಅದನ್ನು ಮಂಡಿಗೆ ಹಾಕುವವರು ಒಂದು ಬಗೆ, ಗಿರಾಕಿಗೆ ನೇರ ಮಾರುವವರು ಇನ್ನೊಂದು ಬಗೆ, ಬೋರ್ಡೊದಲ್ಲೂ ಹಾಗೆಯೇ.

ಈ ಮನೆತನಗಳು ಹಿಂದೆ ಕಂಡ ಕಷ್ಟಗಳು ಸಣ್ಣವಲ್ಲ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲ್ಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ಒಂದೊಂದಾಗಿ ಒಣಗಿಸಿತು. ಕೊನೆಗೆ ಕಂಡುಕೊಂಡ ಉಪಾಯವೆಂದರೆ ಆ ಹೇನನ್ನು ತಡೆದುಕೊಳ್ಳುವ ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ತಮ್ಮ ತಳಿಯ ಕಣ್ಣು ಕಸಿಮಾಡುವುದು. ಇಂದು ವಿಜಯಪುರದ ಬೆಳೆಗಾರ ಡಾಗ್‌ರಿಜ್ ಬೇರಿನ ಮೇಲೆ ಥಾಮ್ಸನ್ ಕಸಿ ಕಟ್ಟುವುದು ಅದೇ ವಿದ್ಯೆಯ ಮುಂದುವರಿಕೆ. ನಮಗೆ ಕಾರಣ ಹೇನಲ್ಲ, ಉಪ್ಪುನೀರು ಮತ್ತು ಬರ. ಆ ಅಮೆರಿಕದ ಬೇರಿನ ಜೊತೆಗೇ ಬೂಜು ತುಪ್ಪಟ ರೋಗವೂ ಹಡಗು ಹತ್ತಿ ಬಂದು 1878ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಬೋರ್ಡೊ ಬಳಿಯ ಮೆದೊಕ್ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳಬಾರದೆಂದು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ-ಸುಣ್ಣ ಎರಚುವ ರೂಢಿಯಿತ್ತು. ಎಲೆ ಉದುರಿದ ತೋಟದಲ್ಲಿ ಆ ಸಾಲುಗಳು ಮಾತ್ರ ಹಸಿರಾಗಿರುವುದನ್ನು 1882ರಲ್ಲಿ ಗಮನಿಸಿದವರು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ. ಪರೀಕ್ಷೆ ನಡೆಸಿ 1885ರಲ್ಲಿ ಅವರು ಪ್ರಕಟಿಸಿದ ಔಷಧಿಯೇ ಬೋರ್ಡೊ ದ್ರಾವಣ. ಕಾಲು ಶತಮಾನದೊಳಗೆ ಅದು ಮೈಸೂರು ಸಂಸ್ಥಾನಕ್ಕೆ ಬಂತು. 1908ರಲ್ಲಿ ಸಂಸ್ಥಾನದ ಸೇವೆಗೆ ಸೇರಿದ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನು ಸಿಂಪಡಿಸುವ ಕ್ರಮವನ್ನು ಮಲೆನಾಡಿಗೆ ಕಲಿಸಿದರು. ಕಳ್ಳರಿಗೆಂದು ಎರಚಿದ ನೀಲಿ ನೀರು ಸಾಗರ, ತೀರ್ಥಹಳ್ಳಿಗಳ ಕೊನೆಗಳನ್ನು ಉಳಿಸಿತು.

1956ರ ಫೆಬ್ರುವರಿಯ ಹಿಮಕ್ಕೆ ಸಿಕ್ಕು ಸಾವಿರಾರು ಎಕರೆ ಬಳ್ಳಿ ಸತ್ತಾಗಲೂ ಜನ ಮತ್ತೆ ನೆಟ್ಟರು. ಜಮೀನು ಹೋಳಾಗುವ ಪಿಡುಗು ಅವರಿಗೂ ಇದೆ. ಅಲ್ಲಿನ ಕಾಯಿದೆ ಪ್ರಕಾರ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಆಸ್ತಿಯಲ್ಲಿ ಪಾಲು. ಇದಕ್ಕೆ ಅವರು ಮಾಡಿಕೊಂಡ ಏರ್ಪಾಡು ಗಮನಿಸತಕ್ಕದ್ದು. 1970ರ ಒಂದು ಕಾಯಿದೆಯ ಪ್ರಕಾರ ಕುಟುಂಬದವರು ಕೃಷಿಭೂಮಿಯ ಒಂದು ಕೂಟ ರಚಿಸಿ ಜಮೀನನ್ನು ಅದರ ಹೆಸರಿಗೆ ಮಾಡಬಹುದು. ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಟದ ಪಾಲುಪತ್ರ ಹಂಚಿಕೊಳ್ಳುತ್ತಾರೆ, ಬದು ಹಾಕಿ ನೆಲ ಹಂಚಿಕೊಳ್ಳುವುದಿಲ್ಲ. ಊರಿನಲ್ಲಿ ಉಳಿದು ಉಳುವವನು ಕೂಟಕ್ಕೆ ಗುತ್ತಿಗೆ ಕೊಟ್ಟು ತೋಟ ನಡೆಸುತ್ತಾನೆ. ಎಕರೆ ಅರ್ಧವಾಗಿ, ಅರ್ಧ ಗುಂಟೆಯಾಗಿ ಹೋಗುತ್ತಿರುವ ನಮ್ಮ ಹಿಡುವಳಿಗಳ ಬಗ್ಗೆ ಯೋಚಿಸುವವರಿಗೆ ಇದರಲ್ಲಿ ಕಲಿಯುವುದಿದೆ.

ಮಣ್ಣಿನ ಆರೈಕೆಗೆ ಕೊರತೆ ಇರಲಿಲ್ಲ

ಇಂದಿನ ಸಂಕಟಕ್ಕೆ ಬೆಳೆಗಾರರು ಮಣ್ಣನ್ನು ಹಾಳುಮಾಡಿಕೊಂಡದ್ದೇ ಕಾರಣ ಎಂದು ಕೆಲವರು ಹೇಳುತ್ತಾರೆ. ಒಂದು ಕಾಲದಲ್ಲಿ ವಿಷ ಧಾರಾಳವಾಗಿ ಸುರಿದದ್ದು ನಿಜ. 2014ರ ಮೇ ತಿಂಗಳಲ್ಲಿ ಬ್ಲಾಯ್ ಸೀಮೆಯ ಹಳ್ಳಿಯೊಂದರಲ್ಲಿ ಶಾಲೆಯ ಪಕ್ಕದ ತೋಟಗಳಿಗೆ ಔಷಧಿ ಹೊಡೆದ ದಿನ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಅಸ್ವಸ್ಥರಾದರು, ದೇಶವೆಲ್ಲ ಗದ್ದಲವಾಯಿತು. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಬೇಸಾಯ ಬಹಳ ಬದಲಾಗಿದೆ. ತೋಟಗಳ ಮುಕ್ಕಾಲು ಭಾಗ ಯಾವುದಾದರೊಂದು ಪರಿಸರ ಪ್ರಮಾಣಪತ್ರಕ್ಕೆ ಒಳಪಟ್ಟಿದೆ ಎಂದು ಬೆಳೆಗಾರರ ಮತ್ತು ವ್ಯಾಪಾರಿಗಳ ಸಂಯುಕ್ತ ಮಂಡಳಿ ಹೇಳುತ್ತದೆ. ಪ್ರಮಾಣಪತ್ರಗಳಲ್ಲಿ ಗಟ್ಟಿಯವೂ ಇವೆ, ಜೊಳ್ಳೂ ಇವೆ. ತೋಟದೊಳಗೆ ಹೋಗಿ ನೋಡಿದರೆ ಕಾಣುವ ಕೆಲಸಗಳು ಮಾತ್ರ ನಿಜವಾದವು.

ಬಳ್ಳಿ ಸಾಲುಗಳ ನಡುವೆ ಚಳಿಗಾಲದಲ್ಲಿ ಓಟ್ಸ್, ಹುರುಳಿ ಜಾತಿಯ ದ್ವಿದಳ, ಸಾಸಿವೆ ಬಿತ್ತುತ್ತಾರೆ. ವಸಂತದಲ್ಲಿ ಅದನ್ನು ಮಲಗಿಸಿ ಮುಚ್ಚಿಗೆ ಮಾಡುತ್ತಾರೆ, ಇಲ್ಲವೆ ಮಣ್ಣಿಗೆ ಸೇರಿಸುತ್ತಾರೆ. ನಾವು ಸೆಣಬು, ಡಯಂಚ ಬೆಳೆಸಿ ಮಗುಚುವ ಹಾಗೆ. ಎಲೆ ಉದುರಿದ ಮೇಲೆ ಕುರಿ ಮಂದೆ ಬಿಡುವವರಿದ್ದಾರೆ. ಹುಲ್ಲೂ ಮುಗಿಯಿತು, ಗೊಬ್ಬರವೂ ಬಿತ್ತು. ನಮ್ಮ ಕುರುಬರ ಮಂದೆಗೆ ಹೊಲದಲ್ಲಿ ರಾತ್ರಿ ತಂಗಲು ಕಾಳು ಕೊಟ್ಟು ಕರೆಯುತ್ತಿದ್ದ ರೂಢಿಯನ್ನು ಅವರು ಈಗ ಹೊಸ ವಿದ್ಯೆಯಾಗಿ ಕಲಿಯುತ್ತಿದ್ದಾರೆ. ಗೊನೆ ಕೊರೆಯುವ ಪತಂಗದ ಕಾಟಕ್ಕೆ ಹೆಣ್ಣು ಪತಂಗದ ವಾಸನೆಯನ್ನೇ ಹೊರಸೂಸುವ ಸಣ್ಣ ಸಾಧನಗಳನ್ನು ತಂತಿಗೆ ಕಟ್ಟುತ್ತಾರೆ. ಗಂಡಿಗೆ ದಿಕ್ಕು ತಪ್ಪಿ ಸಂತಾನ ನಿಲ್ಲುತ್ತದೆ. ಬೋರ್ಡೊ ಸುತ್ತಿನ ತೋಟಗಳಲ್ಲಿ ನಡೆದ ಅಧ್ಯಯನದಲ್ಲಿ ಸಣ್ಣ ಬಾವಲಿಗಳು ಈ ಪತಂಗಗಳನ್ನು ಹಿಡಿದು ತಿನ್ನುತ್ತವೆಂದು ಖಚಿತವಾದ ಮೇಲೆ, ಬಾವಲಿಗೆ ಮರದ ಗೂಡು ತೂಗುಹಾಕುವವರೂ ಹುಟ್ಟಿಕೊಂಡರು. (ಹಣ್ಣು ತಿನ್ನುವ ನಮ್ಮ ದೊಡ್ಡ ಬಾವಲಿಯ ಕಾಟ ಅನುಭವಿಸಿದವರಿಗೆ ಇದು ನಗು ತರಿಸೀತು. ಅದು ಬೇರೆ, ಇದು ಬೇರೆ.)

ಬೋರ್ಡೊ ದ್ರಾವಣದ ಮೇಲೂ ಈಗ ಮಿತಿ ಬಿದ್ದಿದೆ. ತಾಮ್ರ ಕರಗಿ ಹೋಗುವ ವಸ್ತುವಲ್ಲ. ವರ್ಷ ವರ್ಷ ಹೊಡೆದದ್ದು ಮೇಲ್ಮಣ್ಣಿನಲ್ಲಿ ಉಳಿದು ಎರೆಹುಳುವಿಗೂ ಸೂಕ್ಷ್ಮಜೀವಿಗಳಿಗೂ ಕುತ್ತು ತರುತ್ತದೆ. 140 ವರ್ಷ ಹೊಡೆದ ನಾಡಿಗೆ ಇದು ಚೆನ್ನಾಗಿ ಗೊತ್ತು. 2019ರಿಂದ ಐರೋಪ್ಯ ಒಕ್ಕೂಟದ ನಿಯಮದಂತೆ ಒಂದು ಹೆಕ್ಟೇರಿಗೆ 7 ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರ ಮೀರಬಾರದು. ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ. ಮೈಲುತುತ್ತದಲ್ಲಿ ತಾಮ್ರದ ಅಂಶ ಸುಮಾರು ಕಾಲು ಭಾಗ. ಆದ್ದರಿಂದ ಎಕರೆಗೆ ವರ್ಷಕ್ಕೆ ಸುಮಾರು ಆರೂವರೆ ಕಿಲೋ ಮೈಲುತುತ್ತ, ಅಥವಾ ಶೇ. 1ರ ದ್ರಾವಣ 650 ಲೀಟರು. ಈ ನಿಯಮ ನಮಗೆ ಅನ್ವಯಿಸುವುದಿಲ್ಲ. ಆದರೂ ಮಳೆ ಹೆಚ್ಚಾದ ವರ್ಷ ಮೂರು ನಾಲ್ಕು ಸಲ ಹೊಡೆಯುವ ತೋಟಗಾರರು ತಮ್ಮ ಎಕರೆಗೆ ಎಷ್ಟು ಡ್ರಮ್ಮು ಬಿತ್ತು ಎಂದು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಇದೆಲ್ಲಕ್ಕೂ ಖರ್ಚಿದೆ ಎಂಬುದೇ ಮುಖ್ಯ ಪ್ರಶ್ನೆ. ಪೊಯ್ಯಾಕ್ ಊರಿನ ಪಾಂತೆ-ಕಾನೆ ಎಂಬ ಹೆಸರಾಂತ ತೋಟವನ್ನು ನೋಡಿ. 1975ರಿಂದ ಒಂದೇ ಕುಟುಂಬದ ಕೈಯಲ್ಲಿದೆ. ಟ್ರ್ಯಾಕ್ಟರಿನ ಭಾರಕ್ಕೆ ಮಣ್ಣು ಗಟ್ಟಿಯಾಗಬಾರದೆಂದು ಕುದುರೆ ಕಟ್ಟಿ ಉಳುತ್ತಾರೆ. 2007ರಲ್ಲಿ ಬೂಜು ರೋಗ ಅಡರಿದಾಗ ಧೈರ್ಯಗೆಟ್ಟು ರಾಸಾಯನಿಕ ಹೊಡೆದು, ಸಾವಯವದ ಲೆಕ್ಕವನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. 2010ರಲ್ಲಿ ಪ್ರಮಾಣಪತ್ರ ಸಿಕ್ಕಿತು. 2018ರಲ್ಲಿ ರೋಗ ಮತ್ತೆ ಬಂದಾಗ ಹಟ ಬಿಡದೆ ಸಾವಯವದಲ್ಲೇ ಉಳಿದರು. ಹೆಕ್ಟೇರಿಗೆ ಸುಮಾರು 10 ಹೆಕ್ಟೋಲೀಟರ್, ಅಂದರೆ ಸಾವಿರ ಲೀಟರಿನಷ್ಟು ಮಾತ್ರ ರಸ ಬಂತು. ಅದು ಸಾಮಾನ್ಯ ಇಳುವರಿಯ ಮೂರನೆಯ ಒಂದು ಭಾಗಕ್ಕೂ ಕಡಿಮೆ. 1855ರ ಪಟ್ಟಿಯಲ್ಲಿ ಹೆಸರಿರುವ, ಬಾಟಲಿಗೆ ಸಾವಿರಾರು ರೂಪಾಯಿ ಸಿಗುವ ಮನೆ ಅಂಥ ವರ್ಷವನ್ನು ತಾಳಿಕೊಳ್ಳುತ್ತದೆ. ಹತ್ತು ಮೈಲಿ ಆಚೆ ಹೆಸರಿಲ್ಲದ ತೋಟದವನು ಅದೇ ನಷ್ಟಕ್ಕೆ ಮುಳುಗುತ್ತಾನೆ. 2023ರ ಜೂನಿನಲ್ಲಿ ಬೂಜು ರೋಗ ಮತ್ತೆ ಬೋರ್ಡೊವನ್ನು ಹಿಡಿದು, ಅಲ್ಲಿ ಅತಿ ಹೆಚ್ಚು ಬೆಳೆಯುವ ಮೆರ್ಲೊ ತಳಿಯನ್ನೇ ಜೋರಾಗಿ ಬಡಿಯಿತು. ಸಾವಯವಕ್ಕೆ ತಿರುಗಿದ ಹಲವರು ಆ ಬಳಿಕ ಹಿಂದಕ್ಕೆ ಸರಿದಿದ್ದಾರೆ. ರೋಗ ಒಂದು ನೆಪ. ಸಾವಯವ ವೈನನ್ನೂ ವ್ಯಾಪಾರಿ ಸಾಧಾರಣ ವೈನಿನ ದರಕ್ಕೇ ಕೇಳತೊಡಗಿದ್ದು ನಿಜವಾದ ಕಾರಣ.

ಕೀಳುವುದೇ ಲಾಭವಾದಾಗ

ಬೋರ್ಡೊದ ವೈನಿನಲ್ಲಿ ಹೆಚ್ಚಿನ ಭಾಗ ಹೋಗುವುದು ಸುಮಾರು 300 ವ್ಯಾಪಾರಿ ಸಂಸ್ಥೆಗಳ ಕೈಗೆ. ನಡುವೆ ದಲ್ಲಾಳಿ ಇದ್ದಾನೆ. ಅವನ ಕಮಿಷನ್ ಶೇ. 2. ಸಗಟು ಮಾರಾಟದ ಅಳತೆ 'ತೊನೊ', ಅಂದರೆ 900 ಲೀಟರು, 1,200 ಬಾಟಲಿಯ ಮಾಲು. ಹೆಸರಿಲ್ಲದ ಸಾಧಾರಣ ಕೆಂಪು ವೈನಿಗೆ ಈಚಿನ ವರ್ಷಗಳಲ್ಲಿ ತೊನೊಗೆ 1 ಸಾವಿರ ಯೂರೊ ಕೂಡ ಹುಟ್ಟದ ಪರಿಸ್ಥಿತಿ ಬಂದಿದೆ. ಸಾವಿರ ಸಿಕ್ಕಿತೆಂದೇ ಹಿಡಿಯೋಣ. ಬಾಟಲಿಯಷ್ಟು ವೈನಿಗೆ ಬೆಳೆಗಾರನ ಕೈಗೆ ಬಂದದ್ದು 83 ಸೆಂಟು. ಯೂರೊಗೆ 100 ರೂಪಾಯಿಯ ಲೆಕ್ಕದಲ್ಲಿ 83 ರೂಪಾಯಿ. ಹೆಕ್ಟೇರಿಗೆ 5 ಸಾವಿರ ಲೀಟರ್ ಇಳುವರಿಯಾದರೆ ಒಟ್ಟು ಹುಟ್ಟುವಳಿ ಸುಮಾರು 5,500 ಯೂರೊ. ಇದರಲ್ಲಿ ಕೂಲಿ, ಔಷಧಿ, ಡೀಸೆಲು, ಸಾಲದ ಕಂತು ಎಲ್ಲ ಕಳೆಯಬೇಕು.

ಈಗ ಸರಕಾರದ ಯೋಜನೆ ನೋಡಿ. 2023ರಲ್ಲಿ ಬೋರ್ಡೊ ಸೀಮೆಗೆಂದು ಪ್ರಕಟವಾದ ಬಳ್ಳಿ ಕೀಳುವ ಯೋಜನೆಯ ಮೊತ್ತ 57 ದಶಲಕ್ಷ ಯೂರೊ. ಇದರಲ್ಲಿ ಸರಕಾರದ್ದು 38, ಸಂಯುಕ್ತ ಮಂಡಳಿಯದು 19. ಗುರಿ 9,500 ಹೆಕ್ಟೇರು. ಕಿತ್ತವರಿಗೆ ಹೆಕ್ಟೇರಿಗೆ 6 ಸಾವಿರ ಯೂರೊ. ಒಂದು ವರ್ಷವೆಲ್ಲ ದುಡಿದು ಬೆಳೆದರೆ ಹುಟ್ಟುವ ಒಟ್ಟು ಹಣಕ್ಕಿಂತ ಬುಡ ಕಿತ್ತರೆ ಸಿಗುವ ಹಣ ಹೆಚ್ಚು! ಬೆಳೆಗಾರರು ಬೀದಿಗಿಳಿದು ಕೇಳಿದ್ದಾದರೂ ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಅವರು ಕೇಳಿದ್ದು 10 ಸಾವಿರ ಯೂರೊ ಎಂಬುದನ್ನೂ ಹೇಳಬೇಕು. ಸರಕಾರದ ಹಣ ಪಡೆದವರು ಕಿತ್ತ ನೆಲವನ್ನು 20 ವರ್ಷ ಬೀಳುಬಿಡಬೇಕು, ಇಲ್ಲವೆ ಕಾಡು ಬೆಳೆಸಬೇಕು. ಅದೇ ವರ್ಷ ಅಲ್ಲಿನ ಕೃಷಿ ಮಂಡಳಿ ವಿಚಾರಿಸಿದಾಗ ತಾವು ಕಷ್ಟದಲ್ಲಿದ್ದೇವೆಂದು ಒಪ್ಪಿಕೊಂಡ ಬೆಳೆಗಾರರು 1,300ಕ್ಕೂ ಹೆಚ್ಚು. 2024ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ 120 ದಶಲಕ್ಷ ಯೂರೊಗಳ ಇನ್ನೊಂದು ಯೋಜನೆ ಬಂತು; ಹೆಕ್ಟೇರಿಗೆ 4 ಸಾವಿರ ಯೂರೊ, ಮತ್ತು ಹಣ ಪಡೆದವರು 2029ರ ತನಕ ಹೊಸದಾಗಿ ನೆಡುವ ಅನುಮತಿ ಕೇಳುವಂತಿಲ್ಲ. ಅರ್ಜಿ ಬಂದದ್ದು ಸುಮಾರು 27 ಸಾವಿರ ಹೆಕ್ಟೇರಿಗೆ. ಸಾಲದೆಂದು 2025ರ ನವೆಂಬರಿನಲ್ಲಿ ಮತ್ತೆ 130 ದಶಲಕ್ಷ ಯೂರೊ ಘೋಷಣೆಯಾಯಿತು. ಲಕ್ಷ ಹೆಕ್ಟೇರಿಗಿಂತ ಹೆಚ್ಚಿದ್ದ ಬೋರ್ಡೊದ ದ್ರಾಕ್ಷಿ ಕ್ಷೇತ್ರ ಈಗ ಲಕ್ಷದ ಕೆಳಗಿಳಿದಿದೆ.

ಕೀಳದೆ ಸುಮ್ಮನೆ ಬಿಟ್ಟರಾಗದೆ ಎಂದು ಕೇಳಬಹುದು. ಆಗದು. ಪಾಳುಬಿದ್ದ ಬಳ್ಳಿಯಲ್ಲಿ ಎಲೆ ಹೊಂಬಣ್ಣಕ್ಕೆ ತಿರುಗಿ ಗಿಡವೇ ಸಾಯುವ ಒಂದು ರೋಗ ಮನೆಮಾಡುತ್ತದೆ. ಜಿಗಿಹುಳು ಅದನ್ನು ಪಕ್ಕದ ಒಳ್ಳೆಯ ತೋಟಕ್ಕೂ ಹರಡುತ್ತದೆ. ಒಬ್ಬನ ಪಾಳು ನೆರೆಯವನ ನಾಶ. ಸರಕಾರ ಹಣ ಕೊಡಲು ಮುಂದಿಟ್ಟ ಕಾರಣಗಳಲ್ಲಿ ಇದೂ ಒಂದು.

ಬೇಡಿಕೆ ಕುಸಿದದ್ದು ಹೇಗೆ? ಫ್ರಾನ್ಸಿನಲ್ಲೇ 1960ರ ಸುಮಾರಿಗೆ ತಲೆಗೆ ವರ್ಷಕ್ಕೆ 100 ಲೀಟರಿಗೂ ಹೆಚ್ಚು ವೈನ್ ಖರ್ಚಾಗುತ್ತಿತ್ತು. ಈಗ ಅದರ ಅರ್ಧವೂ ಇಲ್ಲ. ಕಿರಿಯರು ಕಡಿಮೆ ಕುಡಿಯುತ್ತಾರೆ, ಕುಡಿದರೂ ಕೆಂಪು ವೈನನ್ನು ಬಯಸುವುದಿಲ್ಲ. ಬೋರ್ಡೊದಲ್ಲಿ ನೂರಕ್ಕೆ 85ರಷ್ಟು ಕೆಂಪೇ. ಒಳಗಿನ ಕೊರತೆಯನ್ನು ಕೆಲವು ಕಾಲ ಚೀನಾ ತುಂಬಿಕೊಟ್ಟಿತು. 2010ರ ದಶಕದಲ್ಲಿ ಅದು ಅತಿ ದೊಡ್ಡ ಗಿರಾಕಿ. ಚೀನೀ ಶ್ರೀಮಂತರು ನೂರಕ್ಕೂ ಮಿಕ್ಕಿ ಶಾತೊಗಳನ್ನೇ ಕೊಂಡರು. ಆ ಭರಾಟೆಯಲ್ಲಿ ಎಲ್ಲರೂ ಒಂದೇ ಬಗೆಯ ಮಾಲಿಗೆ ಕೈಹಾಕಿದರು. ದಶಕ ಮುಗಿಯುವುದರೊಳಗೆ ಚೀನಾ ಕೈ ಬಿಟ್ಟಿತು. ಅಮೆರಿಕ 2019ರಲ್ಲಿ ಶೇ. 25 ಸುಂಕ ಹೇರಿ 2021ರಲ್ಲಿ ತಡೆಹಿಡಿದಿತ್ತು. 2025ರಲ್ಲಿ ಮತ್ತೆ ಶೇ. 15 ಹಾಕಿತು. ಒಂದು ಬೆಳೆ, ಒಂದು ಬಣ್ಣ, ಒಂದೆರಡು ಪೇಟೆ ನಂಬಿ ಕೂತ ಸೀಮೆಗೆ ಮೂರು ಕಡೆಯಿಂದ ಏಟು ಬಿತ್ತು. ಉಳಿದ ವೈನನ್ನು ಬಟ್ಟಿ ಇಳಿಸಿ ಮದ್ಯಸಾರ ಮಾಡಲು 2023ರಲ್ಲಿ ಫ್ರಾನ್ಸು 200 ದಶಲಕ್ಷ ಯೂರೊ ಖರ್ಚು ಮಾಡಿತು. ನಮ್ಮಲ್ಲಿ ಟೊಮೇಟೊ ರಸ್ತೆಗೆ ಸುರಿಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸುರಿಯುವವನಿಗೆ ಹಣ ಸಿಗುತ್ತದೆ ಎಂಬುದಷ್ಟೇ.

ನ್ಯಾಯಾಲಯದ ಮೆಟ್ಟಿಲಲ್ಲಿ

ಎಲ್ಲರೂ ಕೈಕಟ್ಟಿ ಕೂತಿಲ್ಲ. ಬೆಳೆಗಾರನಿಗೆ ಬಿದ್ದ ಖರ್ಚನ್ನು ಗಮನಿಸದೆ ತೀರ ಕೆಳಮಟ್ಟದ ದರಕ್ಕೆ ಕೊಳ್ಳುವುದು ತಪ್ಪೆಂದು ಫ್ರಾನ್ಸು 2018ರಲ್ಲಿ ಒಂದು ಕಾಯಿದೆ ಮಾಡಿದೆ. ಅದನ್ನು ಹಿಡಿದು ಮೆದೊಕ್ ಸೀಮೆಯ ಒಬ್ಬ ಬೆಳೆಗಾರ ಎರಡು ದೊಡ್ಡ ವ್ಯಾಪಾರಿ ಸಂಸ್ಥೆಗಳ ಮೇಲೆ ದಾವೆ ಹೂಡಿದ. ತೊನೊಗೆ 1,200 ಯೂರೊ ಹಾಗೂ ಅದಕ್ಕೂ ಕಡಿಮೆ ಬೆಲೆಗೆ ತನ್ನ ವೈನ್ ಕೊಂಡರೆಂದು ಅವನ ದೂರು. ಕೊಳ್ಳುವವರು ಇವರೇ, ಬೇರೆ ಗತಿ ಇರಲಿಲ್ಲ ಎಂಬುದು ಅವನ ವಾದ. ಒಪ್ಪಿ ಮಾರಿದವನು ಆಮೇಲೆ ದೂರುವುದೇನು ಎಂಬುದು ಅವರ ವಾದ. 2024ರ ಫೆಬ್ರುವರಿಯಲ್ಲಿ ಬೋರ್ಡೊದ ವಾಣಿಜ್ಯ ನ್ಯಾಯಾಲಯ ಆ ದರ ಅನ್ಯಾಯದ ದರವೆಂದು ಹೇಳಿ ಸುಮಾರು 3.5 ಲಕ್ಷ ಯೂರೊ ಪರಿಹಾರ ಕೊಡಿಸಿತು. ಇದು ಮೊದಲ ಹಂತದ ತೀರ್ಪು. ಆದರೂ ಸಹಿ ಹಾಕಿದ ಮಾತ್ರಕ್ಕೆ ದರ ನ್ಯಾಯವಾಗುವುದಿಲ್ಲವೆಂದು ಒಂದು ನ್ಯಾಯಪೀಠ ಬಾಯಿಬಿಟ್ಟು ಹೇಳಿದ್ದು ಬೆಳೆಗಾರರಿಗೆ ದೊಡ್ಡ ಬಲ.

ಇನ್ನು ಕೆಲವರು ದಾರಿ ಬದಲಿಸಿದ್ದಾರೆ. 2021ರಲ್ಲಿ ಬಿಸಿಲು ತಾಳುವ ಆರು ಹೊಸ ತಳಿಗಳಿಗೆ ಬೋರ್ಡೊದಲ್ಲಿ ಅನುಮತಿ ಸಿಕ್ಕಿತು, ತೋಟದ ಶೇ. 5ರಷ್ಟು ಜಾಗದಲ್ಲಿ ಮಾತ್ರ ನೆಡಬಹುದು. ಪೋರ್ಚುಗಲ್ಲಿನ ತಳಿಗಳೂ ಅದರಲ್ಲಿವೆ. ಶತಮಾನಗಳ ಪರಂಪರೆಯ ಮಾತಾಡುವ ಸೀಮೆ ಹೊರಗಿನ ಬಳ್ಳಿಗೆ ಬಾಗಿಲು ತೆರೆಯುವುದು ಸುಲಭವಾಗಿರಲಿಕ್ಕಿಲ್ಲ. ಕೆಂಪು ಬಿಟ್ಟು ನೊರೆಯ ವೈನಿಗೆ ತಿರುಗಿದವರಿದ್ದಾರೆ, ಬಳ್ಳಿ ಕಿತ್ತ ಜಾಗಕ್ಕೆ ಆಲಿವ್ ಹಾಕಿದವರಿದ್ದಾರೆ. ಮನೆ ಬಾಗಿಲಿಗೆ ಬಂದ ಪ್ರವಾಸಿಗೆ ಊಟ ಹಾಕಿ, ತೋಟ ತೋರಿಸಿ, ತಮ್ಮ ಹೆಸರಿನ ಚೀಟಿ ಅಂಟಿಸಿದ ಬಾಟಲಿಯನ್ನು ಕೈಯಾರೆ ಮಾರುವವರ ಸ್ಥಿತಿ ಸಗಟು ಮಾರುವವರಷ್ಟು ಕೆಟ್ಟಿಲ್ಲ. ಆದರೆ ಈ ದಾರಿ ಎಲ್ಲರಿಗೂ ತೆರೆದಿಲ್ಲ. 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಸೆಂತೆಮಿಲಿಯೊಂ ಊರಿಗೆ ಜನ ತಾವಾಗಿ ಬರುತ್ತಾರೆ. ನದಿಗಳ ನಡುವಿನ ಹೆಸರಿಲ್ಲದ ಹಳ್ಳಿಗೆ ಯಾರು ಬರುತ್ತಾರೆ? ಬಳ್ಳಿ ಕೀಳುತ್ತಿರುವ ಯಂತ್ರದ ಸದ್ದು ಕೇಳುವುದು ಹೆಚ್ಚಾಗಿ ಅಲ್ಲೇ. ಮಣ್ಣನ್ನು ಇಬ್ಬರೂ ಒಂದೇ ರೀತಿ ಆರೈಕೆ ಮಾಡಿರಬಹುದು. ಒಬ್ಬನ ದರ ಅವನ ಕೈಯಲ್ಲಿದೆ, ಇನ್ನೊಬ್ಬನದು ದಲ್ಲಾಳಿಯ ಚೀಟಿಯಲ್ಲಿದೆ.

ನಂದಿ ತಪ್ಪಲಿನಿಂದ ನೋಡಿದರೆ

ಬೋರ್ಡೊ ನಮಗೆ ಅಷ್ಟು ದೂರವಲ್ಲ. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಆರಂಭವಾದ ಗ್ರೋವರ್ ಕುಟುಂಬದ ತೋಟದಲ್ಲಿ ಬೋರ್ಡೊದ ಕೆಬರ್ನೆ ಸೊವಿನ್ಯೊ ತಳಿಯೇ ಬೆಳೆಯಿತು. 1990ರ ದಶಕದಲ್ಲಿ ಬೋರ್ಡೊ ಸೀಮೆಯ ಹೆಸರಾಂತ ತಜ್ಞ ಮಿಷೆಲ್ ರೋಲಾಂ ಅಲ್ಲಿಗೆ ಬಂದು ಸಲಹೆ ಕೊಡತೊಡಗಿದರು. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ವೈನ್ ಮಂಡಳಿ ಸ್ಥಾಪಿಸಿತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಗುರುತಿನ ಕಾಗದ ಗೋಡೆಗೆ ತೂಗಿದ ಮಾತ್ರಕ್ಕೆ ದರ ಏರುವುದಿಲ್ಲವೆಂಬುದು ಅಲ್ಲಿನ ಬೆಳೆಗಾರರಿಗೆ ಈಗಾಗಲೇ ಗೊತ್ತಿದೆ. ಒಣದ್ರಾಕ್ಷಿ ಮಾಡಿ ತಾಸಗಾಂವ್, ಸಾಂಗ್ಲಿ ಪೇಟೆಯ ದರವನ್ನೇ ಕಾಯುವ ವಿಜಯಪುರದವರಿಗೆ ಬೋರ್ಡೊದ ದಲ್ಲಾಳಿಯ ಕಥೆ ಹೊಸದೆನಿಸದು.

ಹೊಸದಾಗಿ ಸೇರಿರುವುದು ಸುಂಕದ ವಿಚಾರ. ಹೊರಗಿನ ವೈನಿನ ಮೇಲೆ ಭಾರತ ಶೇ. 150 ಸುಂಕ ಹಾಕಿ ಒಳಗಿನ ತಯಾರಕರಿಗೂ ಅವರಿಗೆ ಹಣ್ಣು ಕೊಡುವವರಿಗೂ ಬೇಲಿ ಕಟ್ಟಿತ್ತು. 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಲ್ಲಿ ಬೇಲಿ ಮೊದಲು ಸಡಿಲವಾಯಿತು. ಬಾಟಲಿಗೆ 5 ಡಾಲರಿಗಿಂತ ಹೆಚ್ಚಿನ ಬೆಲೆಯ ವೈನಿಗೆ ಸುಂಕ ಶೇ. 100ಕ್ಕೂ, 15 ಡಾಲರಿಗಿಂತ ಹೆಚ್ಚಿನದಕ್ಕೆ ಶೇ. 75ಕ್ಕೂ ಇಳಿದು, 10 ವರ್ಷಗಳಲ್ಲಿ ಇನ್ನೂ ಇಳಿಯಲಿದೆ. 5 ಡಾಲರಿಗಿಂತ ಅಗ್ಗದ ಮಾಲಿಗೆ ರಿಯಾಯಿತಿ ಇಲ್ಲ. ಇದು ನಮ್ಮವರ ಹಿತಕ್ಕೆಂದು ಉಳಿಸಿಕೊಂಡ ಗೇಟು. 2026ರ ಜನವರಿಯಲ್ಲಿ ಐರೋಪ್ಯ ಒಕ್ಕೂಟದ ಜೊತೆಗಿನ ಮಾತುಕತೆ ಮುಗಿದದ್ದು ಘೋಷಣೆಯಾದಾಗ ವೈನಿನ ಸುಂಕವನ್ನು ಹಂತಹಂತವಾಗಿ ತಗ್ಗಿಸುವ ಮಾತೂ ಅದರಲ್ಲಿತ್ತು. ಬೋರ್ಡೊದ ವ್ಯಾಪಾರಿಗಳು ಚೀನಾಕ್ಕೆ ಬದಲು ಹುಡುಕುತ್ತಿರುವ ಪೇಟೆಗಳಲ್ಲಿ ನಮ್ಮ ನಗರಗಳೂ ಸೇರುವುದು ಸಹಜ.

ಆ ಬಾಟಲಿಗಳು ಬಂದಾಗ ನಮ್ಮ ವೈನ್ ಕಾರ್ಖಾನೆಗಳ ಲಾಭ ಕುಗ್ಗುತ್ತದೆ, ಅವರು ಮೊದಲು ಕೈಹಾಕುವುದು ಹಣ್ಣಿನ ದರಕ್ಕೆ. ವೈನ್ ತಳಿಯ ದ್ರಾಕ್ಷಿಗೆ ತಿನ್ನುವ ಹಣ್ಣಿನ ಪೇಟೆ ಇಲ್ಲ. ಹುಳಿ, ಬೀಜ, ಸಣ್ಣ ಕಾಳು. ಕಾರ್ಖಾನೆ ಬೇಡವೆಂದರೆ ಬೇರೆ ಗಿರಾಕಿ ಸಿಗುವುದಿಲ್ಲ. ಬೆಂಗಳೂರು ಬ್ಲೂ ಬೆಳೆಗಾರನಿಗೆ ರಸದ ಪೇಟೆ, ಹಣ್ಣಿನ ಪೇಟೆ ಎರಡೂ ಇರುವುದರಿಂದ ಅಷ್ಟರಮಟ್ಟಿಗೆ ಅವನು ಪಾರು. ವೈನ್ ತಳಿ ಹಾಕಿದವರು, ಹಾಕಬೇಕೆಂದಿರುವವರು ಕೇಳಬೇಕಾದ ಪ್ರಶ್ನೆಗಳು ಮೆದೊಕ್‌ನ ಆ ಬೆಳೆಗಾರ ನ್ಯಾಯಾಲಯದಲ್ಲಿ ಎತ್ತಿದವೇ. ಕರಾರು ಎಷ್ಟು ವರ್ಷದ್ದು? ದರ ನಿಗದಿಯಲ್ಲಿ ಬೆಳೆಗಾರನ ಖರ್ಚಿಗೆ ಸ್ಥಾನವಿದೆಯೆ? ಸಿಹಿ ಅಂಶ ಅಳೆಯುವಾಗ ಬೆಳೆಗಾರ ಎದುರಿಗಿರುತ್ತಾನೆಯೆ? ಕಾರ್ಖಾನೆ ಹಣ್ಣು ಎತ್ತದಿದ್ದರೆ ಪರಿಹಾರವೇನು? ಊರಿನ ಹತ್ತು ಮಂದಿ ಸೇರಿ ಕೇಳಿದರೆ ಉತ್ತರ ಬೇಗ ಬರುತ್ತದೆ. ಅಕ್ಟೋಬರ್ ಸವರುವಿಕೆಗೆ ಕತ್ತರಿ ಹಾಕಿದ ಮೇಲೆ ಫಸಲು ಬಳ್ಳಿಯಲ್ಲಿ ಕೂತುಬಿಡುತ್ತದೆ, ಚೌಕಾಶಿಗೆ ಎಡೆಯಿರುವುದಿಲ್ಲ. ಬಾಯಿಮಾತಿನ ಒಪ್ಪಂದವಿರುವಲ್ಲಿ ಸೆಪ್ಟೆಂಬರ್ ಮುಗಿಯುವುದರೊಳಗೆ ದರವನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು ಲೇಸು.